ಒತ್ತಕ್ಕನ ಬೆರಳು
ಒತ್ತಿ ನೋಡದೆ ಅವಳು ಏನನ್ನೂ ನಂಬುವವಳಲ್ಲ. ಅವಳು ಬರುವುದು ಕಂಡರೆ ತರಕಾರಿಯವನು ಟೊಮೆಟೊ ಬುಟ್ಟಿಗೆ ಅಡ್ಡ ನಿಲ್ಲುತ್ತಾನೆ; ಹೊಸ ದಿಂಬು, ಬ್ರೆಡ್ಡು, ತಮ್ಮನ ಮಗಳ ಕೆನ್ನೆ, ಯಾವುದಕ್ಕೂ ಆ ತೋರುಬೆರಳಿನಿಂದ ಬಿಡುಗಡೆಯಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು 'ಒತ್ತಕ್ಕ'. ಕ್ಯಾನ್ಸರ್ ಜೀವಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕೂದಲಿಗಿಂತ ಸಣ್ಣ ಮೊನೆಯಿಂದ ಒತ್ತಿ, ಎಷ್ಟು ಕುಗ್ಗುತ್ತದೆಂದು ಅಳೆಯುವುದೇ ಅವಳ ಕೆಲಸ. ಆಗ ಫ್ಯಾನು ನಿಲ್ಲಬೇಕು, ನಿರ್ದೇಶಕರೂ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಯಾರಾದರೂ ಸೀನಿದರೆ ಬೆಳಗಿನಿಂದ ಪಟ್ಟ ಪಾಡೆಲ್ಲ ನೀರುಪಾಲು. "ಗಡ್ಡೆ ಕೈಗೆ ಗಟ್ಟಿಯಾಗೇ ಸಿಗುತ್ತೆ ಕಣ್ರೋ, ಆದ್ರೆ ಅದರೊಳಗಿನ ಕೋಶ ಹೆಚ್ಚಾಗಿ ಮೆತ್ತಗೆ. ಮೆತ್ತಗಿರೋದಕ್ಕೇ ಸಂದಿಗೊಂದೀಲೆಲ್ಲ ನುಸುಳಿ ಹೋಗುತ್ತೆ" ಎಂದು ಹೊಸಬರಿಗೆ ಹೇಳುತ್ತಾಳೆ. ಹತ್ತು ಕೋಶ ಸಾಕೆಂದರೂ ನೂರು ಒತ್ತುತ್ತಾಳೆ. ಪ್ರತಿಯೊಂದಕ್ಕೂ ಮೊದಲು, "ಸ್ವಲ್ಪ ತಡ್ಕೋ ಅಮ್ಮ" ಎನ್ನುತ್ತಾಳೆ. ಹೊಸಬರು ಮುಸಿಮುಸಿ ನಗುತ್ತಾರೆ. ಹದಿನೆಂಟನೇ ವಯಸ್ಸಿನಲ್ಲಿ, ಅಮ್ಮನ ತಲೆ ಬಾಚುವಾಗ, ಕುತ್ತಿಗೆಯ ಬದಿಯ ಗಂಟೊಂದು ಅವಳ ಬೆರಳಿಗೆ ತಗುಲಿತ್ತು. "ಒತ್ತಬೇಡ ಬಿಡೆ, ಏನೂ ಇಲ್ಲ" ಎಂದಿದ್ದಳು ಅಮ್ಮ. ಜೀವಮಾನದಲ್ಲಿ ಅದೊಂದೇ ಸಲ ಅವಳು ಒತ್ತಿ ನೋಡದೆ ನಂಬಿದ್ದಳು.