ಸ್ಟಿಕ್ ಇಲ್ಲದ ಆಟಗಾರ್ತಿ

ಕಳೆದ ವರ್ಷ, ದೀಪಾವಳಿ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ನಮ್ಮ ಶಿಕಾರಿಪುರದ ಹುಡುಗಿಯರ ಫ್ಲೋರ್‌ಬಾಲ್ ಕ್ಲಬ್ ವಿದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಕ್ಲಬ್ ಚಾಂಪಿಯನ್‌ಷಿಪ್‌ನಲ್ಲಿ ಸೆಮಿಫೈನಲ್ ತನಕ ಹೋಗಿ ಬಂದಿತ್ತು. ಸೊರಬದಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ತಂಡದ ಗೋಲ್‌ಕೀಪರ್ ಸಹನಾ ನನ್ನ ಅಣ್ಣನ ಮಗಳು. ಅಣ್ಣ ಭತ್ತದ ಕೊಯ್ಲು ಬಿಟ್ಟು ಬರುವಂತಿರಲಿಲ್ಲ. ನಾನೇ ಜರಿ ಸೀರೆ ಉಟ್ಟು ಅವಳ ಜೊತೆ ಹೊರಟೆ.

ಈ ಆಟ ಹಾಕಿಯ ಹಾಗೇ, ಆದರೆ ಆಡುವುದು ಸೂರಿನ ಕೆಳಗೆ. ತೂತು ತೂತಿನ ಪ್ಲಾಸ್ಟಿಕ್ ಚೆಂಡು, ಹಗುರವಾದ ಸ್ಟಿಕ್. ಗೋಲ್‌ಕೀಪರ್‌ಗೆ ಮಾತ್ರ ಸ್ಟಿಕ್ ಇಲ್ಲ. ಮಂಡಿಯೂರಿ ಕೂತು, ಬಂದ ಚೆಂಡನ್ನು ಕೈಯಲ್ಲೋ ಎದೆಯಲ್ಲೋ ತಡೆಯಬೇಕು.

ವೇದಿಕೆಯಲ್ಲಿ ಹುಡುಗಿಯರು ಸ್ಟಿಕ್ ಹಿಡಿದು ಫೋಟೋಕ್ಕೆ ಸಾಲಾಗಿ ನಿಂತರು. ಉಸ್ತುವಾರಿ ಹೊತ್ತಿದ್ದ ಹಿರಿಯರೊಬ್ಬರು ಸಹನಾಳ ಬರಿಗೈ ನೋಡಿದರು.

“ನೀನ್ಯಾರೇ ಹುಡುಗಿ? ನೀರು ಕೊಡೋಕೆ ಹೋಗಿದ್ಯ?”

“ಗೋಲ್‌ಕೀಪರ್ ಸರ್. ನಮಗೆ ಸ್ಟಿಕ್ ಇರಲ್ಲ.”

“ಕೋಲಿಲ್ದೆ ಅದೆಂಥಾ ಆಟನೇ ಮಾರಾಯ್ತಿ?” ಎಂದರು, ಮೈಕಿನಲ್ಲೇ. ಸಭೆ ನಕ್ಕಿತು. “ಯಾರದ್ದಾದ್ರೂ ಒಂದು ಇಸ್ಕೊಂಡು ನಿಂತ್ಕೋ. ಫೋಟೋ ಚಂದ ಬರ್ಬೇಕು.”

“ಬೇಡ ಸರ್. ನಾನು ಆಡೋದು ಅದರಲ್ಲಲ್ಲ.”

“ಹಂಗಾದ್ರೆ ಕೆಳಗಿಳಿ ತಾಯಿ. ಗೆಸ್ಟು ಕಾಯ್ತಿದಾರೆ.”

ಅವಳು ಇಳಿದಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ಅಲ್ರೀ, ಸನ್ಮಾನ ಮಕ್ಕಳಿಗೋ, ಕೋಲಿಗೋ?” ಎಂದು ಕೇಳಿಯೇಬಿಟ್ಟೆ.

“ಅಮ್ಮಾರೇ, ಕೂತ್ಕೊಳ್ರೀ. ಊಟಕ್ಕೆ ತಡ ಆಗುತ್ತೆ.”

ಪಕ್ಕದವರು ಸೆರಗು ಜಗ್ಗಿ ಕೂರಿಸಿದರು. ಕ್ಯಾಪ್ಟನ್ ಹುಡುಗಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋಟೋ ಆಗಿಹೋಗಿತ್ತು. ಸಹನಾಳ ಜಾಗದಲ್ಲಿ, ಈ ಆಟವನ್ನು ಒಮ್ಮೆಯೂ ನೋಡಿರದ ಇಬ್ಬರು ಅತಿಥಿಗಳು ನಿಂತಿದ್ದರು. ಅವರ ಕೈಯಲ್ಲಿ ಕೋಲಿದೆಯೇ ಎಂದು ಯಾರೂ ಕೇಳಲಿಲ್ಲ.

ಊಟಕ್ಕೆ ನಿಲ್ಲದೆ ಬಸ್ ಹತ್ತಿದೆವು. ಶಿರಾಳಕೊಪ್ಪ ಬರುವ ತನಕ ನನ್ನ ಬೈಗುಳ ನಿಲ್ಲಲಿಲ್ಲ. ಸಹನಾ ಕಿಟಕಿಯ ಕಡೆ ಮುಖ ಮಾಡಿ ಕೂತವಳು, “ಬಿಡು ಅತ್ತೆ. ನಾಲ್ಕು ಗೋಲು ಬಿಟ್ಟುಕೊಟ್ಟು ಬಂದಿದ್ರೆ ಎಲ್ರಿಗೂ ನನ್ನ ಗುರುತು ಸಿಗ್ತಿತ್ತು” ಎಂದಳು.

ಆ ಫೋಟೋ ಮೊಬೈಲಿನಿಂದ ಮೊಬೈಲಿಗೆ ದಾಟಿ ನಮ್ಮ ಬೀದಿಗೂ ಬಂತು. ಆ ಹಿರಿಯರು ಎದುರು ಸಿಕ್ಕರೆ ಇವತ್ತಿಗೂ ಕೈಮುಗಿಯುತ್ತೇನೆ, ಮನೆಯಲ್ಲಿ ಹಾಗೆ ಕಲಿಸಿದ್ದಾರೆ. ಸಿಟ್ಟು ಮಾತ್ರ ಇಳಿದಿಲ್ಲ. “ಎಷ್ಟು ಚಂದ ಬಂದಿದೆ ನೋಡ್ರೀ” ಎಂದು ಫೋಟೋ ತೋರಿಸುವವರನ್ನೆಲ್ಲ ನಾನು ಕೇಳುವುದು ಒಂದೇ ಮಾತು: ಗೋಲು ಕಾಯ್ದವಳು ಇದರಲ್ಲಿ ಎಲ್ಲಿದ್ದಾಳೆ, ತೋರಿಸ್ರೀ.