ಎಣ್ಣೆ ಕುಡಿದ ತಂಬೂರಿ

ಆ ಶನಿವಾರ ಮಧ್ಯಾಹ್ನ ಕೇಣಿಯ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಜನ ಇದ್ದೆವು. ಕಂಬಕ್ಕೆ ಒರಗಿ ಕೂತಿದ್ದ ದೊಡ್ಡಪ್ಪ, ಹೊಸ್ತಿಲ ಹತ್ತಿರ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದ ದೊಡ್ಡಮ್ಮ, ಭಜನೆಗೆ ತಾಳ ಹಿಡಿಯುವ ಪಕ್ಕದ ಹಿತ್ತಲಿನ ಮಾಮ, ತಂಬೂರಿಯನ್ನು ತೊಡೆಗೆ ಆನಿಸಿಕೊಂಡ ನಾನು. ನಾನಾಗ ಕಾರವಾರದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅರ್ಧ ದಿನದ ಶಾಲೆ ಮುಗಿಸಿ, ಹೊಸ ತಂತಿಗಳನ್ನು ಕಾಗದದಲ್ಲಿ ಸುತ್ತಿಕೊಂಡು, ಸರ್ವಿಸ್ ಮೋಟಾರಿನಲ್ಲಿ ಅಂಕೋಲೆಗೆ ಬಂದು, ಅಲ್ಲಿಂದ ಮಳೆಯಲ್ಲಿ ನಡೆದು ಮನೆ ಸೇರಿದ್ದೆ.

ತಂತಿ ಏರಿಸಿ ಶ್ರುತಿ ಮಾಡಿ ಮೀಟಿದೆ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ‘ವಿಠಲ’ ಎಂದು ಮೆಲ್ಲಗೆ ಹೇಳಿದರು. ಎರಡನೆಯ ಬಾರಿ ಹೇಳಲು ಬಾಯಿ ತೆರೆದರು, ಹೇಳಲಿಲ್ಲ. ಅಷ್ಟರಲ್ಲಿ ನಾದ ಆರಿಹೋಗಿತ್ತು. ಅವರ ಅಳತೆ ಅದು. ತಂಬೂರಿಯ ಒಂದು ಮೀಟಿಗೆ ಮೂರು ಸಲ ವಿಠಲ ಎನ್ನುವಷ್ಟು ಹೊತ್ತು ನಾದ ನಿಲ್ಲಬೇಕು. ಅವರ ಅಪ್ಪನ ಕಾಲದಲ್ಲಿ ನಿಲ್ಲುತ್ತಿತ್ತು, ಅವರ ಕೈಗೆ ಬಂದ ಮೇಲೂ ಬಹಳ ವರ್ಷ ನಿಂತಿತ್ತು.

“ಹೊಸ ತಂತಿಗೂ ಅದೇ ಹಣೆಬರಹ,” ಎಂದ ಮಾಮ. “ಇದ್ಕಿಂತ ನಮ್ಮನೆ ಕಲಗಚ್ಚಿನ ಬಾನಿ ಬಡದ್ರೆ ಹೆಚ್ಚು ಹೊತ್ತು ಕೇಳ್ತದೆ.”

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿದ್ದಲ್ಲ.

ವಿಷಯ ಏನೆಂದರೆ, ಅಂಕೋಲೆಯ ದೇವಸ್ಥಾನದಲ್ಲಿ ಶ್ರಾವಣದಲ್ಲಿ ಭಜನಾ ಸಪ್ತಾಹ ಆಗುತ್ತಿತ್ತು. ಏಳು ದಿನ ಹಗಲೂ ರಾತ್ರಿ ಭಜನೆ ತುಂಡಾಗಬಾರದು. ಒಂದೊಂದು ಮನೆತನಕ್ಕೆ ಒಂದೊಂದು ಪಾಳಿ. ಮೂರನೆಯ ದಿನ ಮಧ್ಯಾಹ್ನದ ಪಾಳಿ ನಮ್ಮ ಮನೆಯದು, ಅಜ್ಜನ ಕಾಲದಿಂದ ಬಂದದ್ದು. ಹಾಡುವವನು ಉಸಿರಿಗೆಂದು ನಿಂತಾಗ ತಾಳವೂ ನಿಲ್ಲುತ್ತದೆ. ಆಗ ತಂಬೂರಿಯೊಂದೇ ಭಜನೆಯನ್ನು ಹಿಡಿದಿಟ್ಟುಕೊಂಡಿರಬೇಕು. ದೊಡ್ಡಪ್ಪನಿಗೆ ಎರಡು ವರ್ಷದಿಂದ ದಮ್ಮು. ಹಿಂದಿನ ಶ್ರಾವಣದಲ್ಲಿ ಅವರು ಉಸಿರಿಗೆ ನಿಂತಾಗಲೆಲ್ಲ ತಂಬೂರಿ ಟಕ್, ಟಕ್ ಎಂದು ಮೀಟಿನ ಸಪ್ಪಳ ಮಾತ್ರ ಮಾಡುತ್ತಿತ್ತು. ನಡುವೆ ಏನೂ ಇಲ್ಲ. ಮೀಟುತ್ತಿದ್ದವನು ನಾನೇ, ನನ್ನ ಕಿವಿಗೆ ಆ ಖಾಲಿ ಚೆನ್ನಾಗಿ ಕೇಳಿತ್ತು. ದೇವಸ್ಥಾನದ ಹಿರಿಯರು ಮರ್ಯಾದೆಯಿಂದಲೇ ಹೇಳಿದ್ದರು: ಈ ಸಲ ನೋಡೋಣ, ಮತ್ತೆ ತುಂಡಾದರೆ ಪಾಳಿಯನ್ನು ಬೇರೆ ಮನೆಗೆ ಕೊಡುವುದು.

ದೊಡ್ಡಪ್ಪ ಅದನ್ನು ನಮ್ಮ ಹತ್ತಿರ ಒಮ್ಮೆ ಹೇಳಿದರು, ಮತ್ತೆ ಎತ್ತಲಿಲ್ಲ. ಆದರೆ ದಿನವೂ ತಂಬೂರಿಯ ಎದುರು ಕೂತು ವಿಠಲ ಎನ್ನುತ್ತಿದ್ದರು.

ಮಾಡುವುದನ್ನೆಲ್ಲ ಮಾಡಿದ್ದೆವು. ತಂತಿ ಬಿಗಿಯುವ ಬಿರಡೆಗೆ ಸುಣ್ಣದ ಪುಡಿ ಹಾಕಿ ಬಿಗಿ ಮಾಡಿದೆವು. ತಂತಿ ಹಾಯುವ ಕುದುರೆಯ ಮೇಲೆ, ತಂತಿಯಡಿಗೆ ತೂರಿಸುವ ಹತ್ತಿಯ ನೂಲಿಗೆ ಜೀವಾಳಿ ಎನ್ನುತ್ತಾರೆ. ಆ ನೂಲನ್ನು ದಪ್ಪ ಮಾಡಿ ನೋಡಿದೆವು, ಸಪೂರ ಮಾಡಿ ನೋಡಿದೆವು. ತಂತಿ ಬದಲಿಸುವುದೊಂದು ಬಾಕಿ ಇತ್ತು, ಆ ಶನಿವಾರ ಅದೂ ಆಯಿತು.

ಮಾಜಾಳಿಯ ಬಡಗಿಯ ಮಾತು ತೆಗೆದವನು ಮಾಮನೇ. ಕ್ರಿಸ್ತಾಂವ ಮುದುಕ, ಇಗರ್ಜಿಯ ಪಿಟೀಲು, ಗೋವೆಯವರ ಗಿಟಾರು ಎಲ್ಲ ರಿಪೇರಿ ಮಾಡುತ್ತಾನೆ ಎಂದ. ತಂಬೂರಿ ಮುಟ್ಟಿದ್ದಾನೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಮುಂದಿನ ವಾರ ಹೊರಟೆವು. ನಾನೊಬ್ಬನೇ ಒಯ್ಯುತ್ತೇನೆ ಎಂದರೆ ದೊಡ್ಡಪ್ಪ ಕೇಳಲಿಲ್ಲ. ದಮ್ಮಿನವರನ್ನು ನನ್ನೊಬ್ಬನ ಜೊತೆ ಕಳಿಸಲು ದೊಡ್ಡಮ್ಮ ಒಪ್ಪಲಿಲ್ಲ. ಕಷಾಯದ ತಂಬಿಗೆ ಹಿಡಿದು ಅವರೂ ಬಂದರು. ತಂಬೂರಿಗೆ ಕಂಬಳಿ ಸುತ್ತಿ, ಅದರ ಮೇಲೆ ಗೋಣಿ ಸುತ್ತಿದ್ದೆವು. ಕಾರವಾರದವರೆಗೆ ಮೋಟಾರು, ಆಮೇಲೆ ಕೋಡಿಬಾಗದಲ್ಲಿ ಹೊಳೆ ದಾಟಿಸುವ ತಾರಿ. ಕಾಳಿ ನದಿ ಕೆಂಪಾಗಿ ಹರಿಯುತ್ತಿತ್ತು. ತಾರಿಯವನು ಗೋಣಿಯ ಗಂಟು ನೋಡಿ, ಒಳಗೆ ಮಲಗಿದ್ದು ರೋಗಿಯೋ ಎಂದು ಕೇಳಿದ.

“ಇಬ್ರಿದ್ದೇವೆ,” ಎಂದರು ದೊಡ್ಡಪ್ಪ. “ಮಲ್ಗಿದ್ದು ಒಂದು, ಕೂತದ್ದು ಒಂದು. ಮೆಲ್ಲಗೆ ಬಿಡು.”

ಬಡಗಿಯ ಕೊಟ್ಟಿಗೆಯಲ್ಲಿ ಗೂಟಕ್ಕೆ ಎರಡು ಪಿಟೀಲು, ಹೊಟ್ಟೆ ಬಿಚ್ಚಿದ ಒಂದು ಗಿಟಾರು ತೂಗುತ್ತಿದ್ದವು. ಅವನು ಕೊಂಕಣಿ ಕಲಸಿದ ಕನ್ನಡ ಮಾತಾಡುತ್ತಿದ್ದ. ತಂಬೂರಿಯನ್ನು ಮೊದಲು ಮೀಟಲೇ ಇಲ್ಲ. ಬೆರಳಿನ ಗಂಟಿನಿಂದ ಮುಂಬದಿಯ ಹಲಗೆಯನ್ನು ಅಲ್ಲಲ್ಲಿ ತಟ್ಟಿದ. ಕುದುರೆಯನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದ. ಆಮೇಲೆ ತಲೆಯೆತ್ತಿ ಕೇಳಿದ:

“ದೋಣಿಯ ಎಣ್ಣೆ ಇದಕ್ಕೆ ಹಚ್ಚಿದ್ದು ಯಾರು?”

ನಮ್ಮ ಕೇಣಿಯಲ್ಲಿ ಮಳೆಗಾಲದ ಮುಂಚೆ ದೋಣಿಗಳನ್ನು ದಂಡೆಗೆ ಎಳೆದು, ಗೇರುಸಿಪ್ಪೆಯ ಎಣ್ಣೆಗೆ ಮೀನೆಣ್ಣೆ ಕೂಡಿಸಿ ಬಳಿಯುವುದು ರೂಢಿ. ಉಪ್ಪುಗಾಳಿಗೂ ಹುಳಕ್ಕೂ ಅದಕ್ಕಿಂತ ದೊಡ್ಡ ಔಷಧ ನಮ್ಮವರಿಗೆ ಗೊತ್ತಿರಲಿಲ್ಲ. ಒಂದು ಮಳೆಗಾಲ ತಂಬೂರಿಗೆ ಬೂಷ್ಟು ಬಂದಿತ್ತು. ಅಂದಿನಿಂದ ದೊಡ್ಡಮ್ಮ ಪ್ರತಿ ವೈಶಾಖದಲ್ಲಿ ದೋಣಿಯವರ ಹತ್ತಿರ ಒಂದು ಗೆರಟೆ ಎಣ್ಣೆ ಬೇಡಿ ತಂದು, ಹಳೆಯ ಸೀರೆಯ ತುಂಡಿನಿಂದ ತಂಬೂರಿಗೆ ತಿಕ್ಕುತ್ತಿದ್ದರು. ಹಲಗೆಗೆ, ಬುರುಡೆಗೆ, ಕುದುರೆಗೆ, ಒಂದು ಮೂಲೆ ಬಿಡದೆ. ತಂಬೂರಿ ಮಿರಮಿರ ಹೊಳೆಯುತ್ತಿತ್ತು. ಸಪ್ತಾಹದಲ್ಲಿ ಯಾರಾದರೂ ಆ ಹೊಳಪನ್ನು ಹೊಗಳಿದರೆ ನಾನು ಮನೆಗೆ ಬಂದು ದೊಡ್ಡಮ್ಮನಿಗೆ ಹೇಳುತ್ತಿದ್ದೆ, ಅವರಿಗೆ ಬಹಳ ಖುಷಿಯಾಗುತ್ತಿತ್ತು.

ಬಡಗಿ ಕೇಳಿದಾಗ ದೊಡ್ಡಮ್ಮ ಕಷಾಯದ ತಂಬಿಗೆಯನ್ನು ನೆಲಕ್ಕಿಟ್ಟರು. ಬಾಯಿ ತೆರೆದರು.

“ನಾನೇ ಹಚ್ಚಿದ್ದು,” ಎಂದರು ದೊಡ್ಡಪ್ಪ. “ಪ್ರತಿ ವರ್ಷ ಹಚ್ತೆ. ತಪ್ಪಾಯ್ತೇನು?”

ಆ ಕೈಯಿಂದ ಅವರು ಒಂದು ಸಲವೂ ಎಣ್ಣೆಯ ಗೆರಟೆ ಮುಟ್ಟಿದವರಲ್ಲ. ದೊಡ್ಡಮ್ಮ ಗಂಡನ ಮುಖ ನೋಡಿದರು. ದೊಡ್ಡಪ್ಪ ಬಡಗಿಯ ಮುಖವನ್ನೇ ನೋಡುತ್ತಿದ್ದರು.

ತಪ್ಪು ಅಂತ ಅಲ್ಲ, ಎಂದು ಬಡಗಿ ವಿವರಿಸಿದ. ದೋಣಿಗೆ ಮರ ಮಾತಾಡಬಾರದು, ನೀರು ಕುಡಿಯದಿದ್ದರೆ ಸಾಕು. ಇಲ್ಲಿ ಮರವೇ ಮಾತಾಡಬೇಕು. ಹಲಗೆ ಎಣ್ಣೆ ಕುಡಿದು ಭಾರವಾಗಿದೆ, ಕುದುರೆ ಮೆತ್ತಗಾಗಿದೆ. ತಂತಿ ಎಷ್ಟು ಕೊಟ್ಟರೂ ಅವೆರಡೂ ನುಂಗುತ್ತವೆ. ಕುಡಿದ ಎಣ್ಣೆಯನ್ನು ಪೂರಾ ಹೊರಗೆ ತೆಗೆಯಲು ತನ್ನಿಂದ ಆಗುವುದಿಲ್ಲ, ಮೇಲಿನ ಪದರವನ್ನು ಹೆರೆದು ತೆಗೆಯಬಹುದು, ಕುದುರೆ ಹೊಸದು ಮಾಡಬಹುದು. ಹಲಗೆ ಬಿರಿದರೆ ತನ್ನನ್ನು ಅನ್ನಬಾರದು ಎಂದ.

ಅಜ್ಜನ ತಂಬೂರಿ. ದೊಡ್ಡಪ್ಪ ಅದರ ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿ, ಹೆರಿ ಎಂದರು.

ಎಂಟು ದಿನ ಬಿಟ್ಟು ಹೋದೆವು. ಹಲಗೆ ಬಿರಿದಿರಲಿಲ್ಲ. ಹೊಳಪೆಲ್ಲ ಹೋಗಿ, ತಲೆ ಬೋಳಿಸಿದ ಮಗುವಿನ ಹಾಗೆ ಕಾಣುತ್ತಿತ್ತು. ಕುದುರೆ ಜಿಂಕೆಯ ಕೊಂಬಿನದು. ಆದರೆ ಅವನು ಪಿಟೀಲಿನ ಅಭ್ಯಾಸದಲ್ಲಿ ಅದರ ನೆತ್ತಿಯನ್ನು ಚೂಪು ಮಾಡಿಟ್ಟಿದ್ದ. ಮೀಟಿದರೆ ಟಣ್ ಎಂದು ಗಂಟೆಯ ಸದ್ದು ಬಂದು ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡಪ್ಪ ನೆಲದ ಮೇಲೆ ಅವನ ಪಕ್ಕಕ್ಕೇ ಕೂತರು. ತಂತಿ ಕುದುರೆಯ ಮೇಲೆ ನಿಲ್ಲಬಾರದು, ಮಲಗಲೂಬಾರದು, ತಗುಲಿ ತಗುಲಿ ಬಿಡಬೇಕು ಎಂದು ಅಂಗೈಯನ್ನು ಇಳಿಜಾರಾಗಿ ಹಿಡಿದು ತೋರಿಸಿದರು. ಅವನು ಅರದಿಂದ ನಾಲ್ಕು ಸಲ ತಿಕ್ಕುವುದು, ನಾನು ಮೀಟುವುದು, ದೊಡ್ಡಪ್ಪ ವಿಠಲ ಎನ್ನುವುದು. ಮತ್ತೆ ತಿಕ್ಕುವುದು. ಊಟದ ಹೊತ್ತು ಮೀರಿತು. ಕೊನೆಗೆ ಬಡಗಿಯೂ ನಮ್ಮೊಡನೆ ವಿಠಲ ಎಂದು ಎಣಿಸತೊಡಗಿದ್ದ, ಅದು ಅವನಿಗೆ ಗೊತ್ತಾಗಲೂ ಇಲ್ಲ.

ದೊಡ್ಡಮ್ಮ ಜೀವಾಳಿಯ ನೂಲನ್ನು ತಾವೇ ಹೊಸೆದು ಕೊಟ್ಟರು. ಅದನ್ನು ತಂತಿಯಡಿಗೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದ್ದು ದೊಡ್ಡಪ್ಪ. ನಾದ ಎದ್ದಿತು. ಒಂದು ವಿಠಲ, ಎರಡು ವಿಠಲ. ಮೂರನೆಯದು ಅರ್ಧಕ್ಕೆ ತಲುಪಿದಾಗ ಆರಿತು.

“ಇಷ್ಟೇ,” ಎಂದ ಬಡಗಿ. “ಉಳಿದದ್ದು ಎಣ್ಣೆಯ ಪಾಲು.”

ತಾರಿಯಲ್ಲಿ ಬರುವಾಗ ದೊಡ್ಡಮ್ಮ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗದೆ, “ಸುಳ್ಳು ಹೇಳೂಕೆ ನಿಮಗೆ ಉಸಿರು ಸಾಕಾಗ್ತದೆ,” ಎಂದರು. ದೊಡ್ಡಪ್ಪ ಕಷಾಯ ಕೇಳಿದರು. ದೊಡ್ಡಮ್ಮ ತಂಬಿಗೆಯ ಮುಚ್ಚಳದಲ್ಲಿ ಬಗ್ಗಿಸಿ ಕೊಟ್ಟರು.

ಶ್ರಾವಣದಲ್ಲಿ ನಮ್ಮ ಪಾಳಿ ಬಂತು. ಹಿರಿಯರು ಎದುರಿನ ಕಂಬದ ಹತ್ತಿರವೇ ಬಂದು ಕೂತಿದ್ದರು. ದೊಡ್ಡಪ್ಪನಿಗೆ ಅಂದು ದಮ್ಮು ಹೆಚ್ಚೇ ಇತ್ತು. ಎರಡು ಸಾಲು ಹಾಡುವುದು, ನಿಲ್ಲುವುದು. ನಿಂತಾಗ ಮಾಮನ ತಾಳವೂ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ನಾನು ಮೀಟಿದ ಒಂದು ತಂತಿಯ ನಾದ ಇನ್ನೊಂದರ ನಾದಕ್ಕೆ ಕೂಡುತ್ತಿತ್ತು, ಅದು ಮುಂದಿನದಕ್ಕೆ. ದೊಡ್ಡಪ್ಪ ಅದರ ಮೇಲೆ ಕೈಯೂರಿದವರ ಹಾಗೆ ಕೂತು ಉಸಿರು ಎಳೆದುಕೊಂಡು, ಅದೇ ಶ್ರುತಿಯಲ್ಲಿ ಮತ್ತೆ ಎತ್ತಿಕೊಳ್ಳುತ್ತಿದ್ದರು. ಎಲ್ಲಿಯೂ ತುಂಡಾಗಲಿಲ್ಲ. ಪಾಳಿ ಮುಗಿದು ಮುಂದಿನ ಮನೆಯವರು ಬಂದು ಕೂತ ಮೇಲೆ, ಹಿರಿಯರು ದೊಡ್ಡಪ್ಪನಿಗೆ ಪ್ರಸಾದ ಕೊಟ್ಟು, ಬರುವ ವರ್ಷವೂ ಇದೇ ಹೊತ್ತಿಗೆ ಬನ್ನಿ ಎಂದರು.

ಮಾರ್ಗಶಿರದಲ್ಲಿ ದೊಡ್ಡಪ್ಪ ತೀರಿಕೊಂಡರು. ಮರುವರ್ಷದ ಶ್ರಾವಣದಲ್ಲಿ ಅದೇ ತಂಬೂರಿ ಮೀಟುತ್ತ ಪಾಳಿಗೆ ಹಾಡಲು ನಾನು ಕೂತೆ. ಮಾಜಾಳಿಯ ಬಡಗಿ ಅಷ್ಟು ಮಳೆಯಲ್ಲಿ ತಾರಿ ದಾಟಿ ಬಂದಿದ್ದ. ದೇವಸ್ಥಾನದ ಹೊರಗಿನ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತು ನಮ್ಮ ಪಾಳಿ ಮುಗಿಯುವವರೆಗೆ ಕೇಳಿದ. ಮುಗಿದ ಮೇಲೆ ದೊಡ್ಡಮ್ಮ ಅವನಿಗೆ ಬೆಲ್ಲ ನೀರು ಕೊಟ್ಟರು. ಕುಡಿದು, ಕಾರವಾರದ ಕಡೆಯ ಮೋಟಾರು ಹತ್ತಿ ಹೋದ.