ಅಮ್ಮನ ಅಣಕ

ಹೋದ ತಿಂಗಳು ಮಾಗಡಿ ರಸ್ತೆಯ ಒಂದು ಸಂದಿಯಲ್ಲಿ ನಡೆದು ಬರುತ್ತಿದ್ದಾಗ ಒದ್ದೆ ಇದ್ದಿಲ ಪುಡಿಯ ವಾಸನೆ ಬಂತು. ಹೆಂಗಸೊಬ್ಬಳು ಬಾಗಿಲಲ್ಲಿ ಕೂತು ಊದಿನಕಡ್ಡಿ ಹೊಸೆಯುತ್ತಿದ್ದಳು. ಐವತ್ತು ದಾಟಿದ ನಾನು ನಿಂತಲ್ಲೇ ನಿಂತುಬಿಟ್ಟೆ. ಅದು ನಮ್ಮ ವಠಾರದ ಮಧ್ಯಾಹ್ನಗಳ ವಾಸನೆ. ಎಂಬತ್ತರ ದಶಕದಲ್ಲಿ, ಮಾರೇನಹಳ್ಳಿಯಲ್ಲಿ, ಆರು ಮನೆಗೆ ಒಂದೇ ನಲ್ಲಿ ಇದ್ದ ವಠಾರ. ಗಂಡಸರು ಕೆಲಸಕ್ಕೆ ಹೋದ ಮೇಲೆ ಹೆಂಗಸರೆಲ್ಲ ಕಡ್ಡಿ ಹೊಸೆಯಲು ಒಂದೊಂದು ಹಲಗೆ ತಂದು ಅಂಗಳದಲ್ಲಿ ಸುತ್ತ ಕೂರುತ್ತಿದ್ದರು. ನಡುವೆ ನಮ್ಮಮ್ಮ, ನಾಗರತ್ನ, ಮೊಣಕೈವರೆಗೂ ಕಪ್ಪು ಮಾಡಿಕೊಂಡು, ಕೈ ನಿಲ್ಲಿಸದೆ ಎಲ್ಲರನ್ನೂ ನಗಿಸುತ್ತಿದ್ದಳು.

ಅಮ್ಮ ಯಾರ ದನಿಯನ್ನಾದರೂ ಆಡಿ ತೋರಿಸುತ್ತಿದ್ದಳು. ಸೊಪ್ಪಿನವಳು, ಬಸ್ಸಿನ ಕಂಡಕ್ಟರು, ರಾಜಾಜಿನಗರದ ಫ್ಯಾಕ್ಟರಿಯಿಂದ ಬಂದು ಮೊದಲು ಚಪ್ಪಲಿಯನ್ನು ಬಯ್ಯುತ್ತಿದ್ದ ಅಪ್ಪ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಮನೆ ಓನರಮ್ಮನದು. ‘ನಲ್ಲಿ ನಿಲ್ಸಿ ಅಂತ ಎಷ್ಟು ಸಲ ಹೇಳ್ಬೇಕ್ರೀ, ಕಾವೇರಮ್ಮ ಏನು ನಿಮ್ಮ ತವರಿನೋಳಾ?’ ಎಂದು ಮೂಗಿನಲ್ಲಿ ಎಳೆದರೆ, ಜಗುಲಿಯ ಮೇಲಿದ್ದ ಓನರಮ್ಮನೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಪಕ್ಕದ ಮನೆಯ ಪುಷ್ಪ ನನ್ನ ಗೆಳತಿ. ಅವಳಪ್ಪ ತೀರಿಕೊಂಡ ಮೇಲೆ ಅವಳಮ್ಮ ಬಾಯಿ ಬಿಟ್ಟಿರಲಿಲ್ಲ. ಒಂದು ಸಂಜೆ ಅಮ್ಮ ಆಕೆಯ ಪಕ್ಕ ಹೋಗಿ ಕೂತು, ಆ ಮನುಷ್ಯ ಸೈಕಲ್ಲು ಒರಗಿಸುವಾಗ ಕೆಮ್ಮುತ್ತಿದ್ದಂತೆಯೇ ಒಮ್ಮೆ ಕೆಮ್ಮಿದಳು. ಅವರು ಬೆಚ್ಚಿ ತಲೆಯೆತ್ತಿ, ನಕ್ಕು, ಆಮೇಲೆ ಅಮ್ಮನ ತೊಡೆಯ ಮೇಲೆ ಬಿದ್ದು ಅತ್ತರು. ಆ ರಾತ್ರಿ ಊಟ ಮಾಡಿದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಒಂದು ಬೆಳಿಗ್ಗೆ, ನಲ್ಲಿಯ ಹತ್ತಿರ ಸಾಲು ನಿಂತಿತ್ತು. ಅಮ್ಮ ಬಿಂದಿಗೆ ಹಿಡಿದು ಏನೋ ಹೇಳಲು ತಿರುಗಿದಳು. ಬಾಯಿ ಎಡಕ್ಕೆ ಹೋಯಿತು. ನಾಲಿಗೆ ದಪ್ಪವಾದಂತೆ ‘ಬ್ಬ... ಬ್ಬಿಂ...’ ಎಂದಳು. ಎಲ್ಲರೂ ನಕ್ಕರು. ‘ಯಾರದ್ರೀ ಇದು, ನಾಗರತ್ನಮ್ಮ? ನಂದಂತೂ ಅಲ್ಲ!’ ಎಂದು ಓನರಮ್ಮ ಜಗುಲಿಯಿಂದ ಕೂಗಿದರು. ಅಮ್ಮ ಮತ್ತೆ ಹೇಳಲು ನೋಡಿದಳು. ಅವಳು ಕಷ್ಟಪಟ್ಟಷ್ಟೂ ನಗು ಜೋರಾಯಿತು. ಸ್ಕೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊಸಿಲಲ್ಲಿ ನಿಂತಿದ್ದ ನಾನು ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದೆ. ಅವಳು ನಮ್ಮಮ್ಮ ಎಂಬ ಜಂಬ ನನಗೆ. ಅವಳು ನನ್ನ ಕಡೆ ನೋಡಿದಳು. ಆಮೇಲೆ ಬಲಗೈ ಬಿಂದಿಗೆಯಿಂದ ಕಳಚಿಕೊಂಡು, ಅವಳು ನೀರಲ್ಲಿ ಕುಸಿದು, ಸೀರೆ ನೆನೆದರೂ ಏಳದೇ ಇದ್ದಾಗ ನಗು ನಿಂತಿತು.

ಲಕ್ವ ಎಂದರು. ತಿಂಗಳಾದ ಮೇಲೆ ಮನೆಗೆ ಬಂದಳು. ಬಲಗೈ ಏಳುತ್ತಿರಲಿಲ್ಲ, ಕಾಲು ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು. ಮೊದಮೊದಲು ಎಲ್ಲರ ಮನೆಯಿಂದಲೂ ಗಂಜಿ, ಸಾರು ಬಂದವು. ಅವಳ ಒಂದು ಮಾತು ಮುಗಿಯುವವರೆಗೆ ಕಾಯುವುದು ಆಮೇಲಾಮೇಲೆ ಯಾರಿಗೂ ಆಗಲಿಲ್ಲ. ಅವಳಿನ್ನೂ ತಮಾಷೆ ಮಾಡಲು ನೋಡುತ್ತಿದ್ದಳು. ಕೇಳುವವರು ತಲೆ ತಗ್ಗಿಸುತ್ತಿದ್ದರು. ನಿಧಾನವಾಗಿ ಹಲಗೆಗಳೆಲ್ಲ ಅಂಗಳದ ಆ ತುದಿಗೆ ಸರಿದವು. ಪುಷ್ಪಳ ಅಮ್ಮನದೂ ಸರಿಯಿತು.

ಒಂದು ಭಾನುವಾರ ನಾವು ನಾಲ್ಕೈದು ಹುಡುಗಿಯರು ಮೆಟ್ಟಿಲ ಮೇಲೆ ಕೂತಿದ್ದೆವು. ಅಮ್ಮನಿಗೆ ಹೀಗಾದಾಗಿನಿಂದ ಅವರು ನನ್ನನ್ನು ಆಟಕ್ಕೆ ಅಷ್ಟಾಗಿ ಕರೆಯುತ್ತಿರಲಿಲ್ಲ. ಅವತ್ತು ಕರೆದಿದ್ದರು. ‘ನಿಮ್ಮಮ್ಮನ ಥರ ನಿಂಗೂ ಅಣಕ ಮಾಡಕ್ಕೆ ಬರತ್ತೇನೇ?’ ಎಂದಳು ಪುಷ್ಪ.

‘ಯಾರದು ಮಾಡ್ಲಿ?’

‘ನಿಮ್ಮಮ್ಮಂದೇ ಮಾಡು.’

ನಾನು ಮಾಡಿದೆ. ಬಾಯಿ ಸೊಟ್ಟ ಮಾಡಿ, ಕಾಲೆಳೆದು, ‘ನ್ನೀ... ನ್ನೀರು ಕೊಡೇ’ ಎಂದೆ. ಅವರು ಬಿದ್ದು ಬಿದ್ದು ನಕ್ಕರು. ತುಂಬಾ ಚೆನ್ನಾಗಿ ಬಂದಿತ್ತು. ಅಮ್ಮನ ವಿದ್ಯೆ ನನ್ನಲ್ಲೂ ಇದೆ ಎಂದು ಗೊತ್ತಾಗಿದ್ದು ಆಗಲೇ. ಖುಷಿಯಾಗಿ ಇನ್ನೊಮ್ಮೆ ಮಾಡಿದೆ. ಈ ಸಲ ಯಾರೂ ನಗಲಿಲ್ಲ. ತಿರುಗಿದರೆ ಅಮ್ಮ ಬಾಗಿಲು ಹಿಡಿದು ನಿಂತಿದ್ದಳು.

ಬಯ್ಯುತ್ತಾಳೆ ಎಂದುಕೊಂಡೆ. ಅವಳು ಕಾಲೆಳೆಯುತ್ತ ಬಂದು ನನ್ನ ಪಕ್ಕ ಕೂತಳು. ಎಡಗೈಯಿಂದ ನನ್ನ ಕೆನ್ನೆ ಹಿಡಿದು, ತನ್ನ ಬಾಯಿ ಎಷ್ಟು ಓರೆಯಾಗಿತ್ತೋ ಅಷ್ಟೇ ಎಳೆದಳು. ‘ಸ್ಸರಿ... ಇಲ್ಲ... ಕಣೇ. ಇನ್ನೂ... ಈ ಕಡೆ,’ ಎಂದಳು. ಹುಡುಗಿಯರಿಗೆ ಜೀವ ಬಂದಂತಾಗಿ ಮತ್ತೆ ನಕ್ಕರು. ನಾನೂ ನಕ್ಕೆ. ಅಮ್ಮನ ಅರ್ಧ ಮುಖ ನಗುತ್ತಿತ್ತು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆ ಹಿಡಿದು ಒಳಗೆ ಹೋದಳು.

ಮಾರನೆಯ ದಿನದಿಂದ ಅವಳು ನನ್ನ ಎದುರು ಮಾತಾಡಲಿಲ್ಲ. ಅಪ್ಪನ ಹತ್ತಿರ ಆಡುತ್ತಿದ್ದಳು. ನಾನು ಒಳಗೆ ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಬೇಕಾದ್ದನ್ನು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ನನ್ನ ತಲೆ ಬಾಚುತ್ತಿದ್ದಳು, ಒಂದೇ ಕೈಯಲ್ಲಿ, ವಕ್ರವಕ್ರವಾಗಿ. ಸಿಟ್ಟು ಅಂತ ಒಂದು ದಿನವೂ ತೋರಿಸಲಿಲ್ಲ. ತೋರಿಸಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆನೇನೋ. ಒಂದೂವರೆ ವರ್ಷ ಹೀಗೇ ಕಳೆದು, ಒಂದು ಶ್ರಾವಣದ ಬೆಳಿಗ್ಗೆ ಅವಳಿಗೆ ಎರಡನೇ ಸಲ ಲಕ್ವ ಹೊಡೆಯಿತು. ನಾನು ಸ್ಕೂಲಿನಲ್ಲಿದ್ದೆ. ತಿಥಿಯ ದಿನ ಎಲೆ ಮುಂದೆ ಕೂತ ಹೆಂಗಸರು ಅವಳ ತಮಾಷೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಕಣ್ಣೊರೆಸಿಕೊಂಡರು.

ವಠಾರವಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಅಮ್ಮನ ದನಿಯನ್ನು ಯಾರೂ ಟೇಪಿನಲ್ಲಿ ಹಿಡಿದಿಡಲಿಲ್ಲ. ನೆನಪಿಸಿಕೊಳ್ಳಲು ಹೋದರೆ ಓನರಮ್ಮನ ದನಿ ಕೇಳುತ್ತದೆ, ಸೊಪ್ಪಿನವಳದು ಕೇಳುತ್ತದೆ, ಪುಷ್ಪಳ ಅಪ್ಪನ ಕೆಮ್ಮೂ ಕೇಳುತ್ತದೆ. ಚೆನ್ನಾಗಿದ್ದಾಗ ಅವಳು ತನ್ನ ಸ್ವಂತ ದನಿಯಲ್ಲಿ ನನ್ನನ್ನು ಹೇಗೆ ಕರೆಯುತ್ತಿದ್ದಳೋ ಅದು ಕೇಳುವುದಿಲ್ಲ. ಮೊನ್ನೆ ನನ್ನ ಮಗಳು, ‘ಅಜ್ಜಿ ಹೆಂಗ್ ಮಾತಾಡ್ತಿದ್ರಮ್ಮ?’ ಎಂದು ಕೇಳಿದಳು.

‘ಚೆನ್ನಾಗಿ ಮಾತಾಡ್ತಿದ್ರು,’ ಎಂದೆ. ಅಷ್ಟೇ ಹೇಳಲು ಬಂತು.